ಮಗ್ಗುಲು ಹಾಳೆ

ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಆ ಮನೆಯಲ್ಲಿ ಕರೆಗಂಟೆ ಇರಲಿಲ್ಲ. ಮೊದಲು ಇತ್ತು. ಹನ್ನೊಂದು ಮಂಚಗಳಿಗೆ ಹನ್ನೊಂದು ಕೆಂಪು ಗುಂಡಿ, ದಿಂಬಿನ ಪಕ್ಕದಲ್ಲೇ, ಮಲಗಿದವರ ಬೆರಳಿಗೆ ಎಟಕುವಂತೆ. ಒಂದು ದಿನ ಒಡತಿ ವೈರಿಂಗಿನವನನ್ನು ಕರೆಸಿ ಎಲ್ಲವನ್ನೂ ಕೀಳಿಸಿ, ಗೋಡೆಯ ತೂತುಗಳಿಗೆ ಬಣ್ಣ ಬಳಿಸಿದಳು.

“ಯಾರ ಮನೇಲಾದ್ರೂ ಅಜ್ಜಿ ಗುಂಡಿ ಒತ್ತಿ ಸೊಸೇನ ಕರೀತಾಳಾ? ಬಾಯ್ತುಂಬ ಕೂಗಿ ಕರೀತಾಳೆ. ಇದು ಆಸ್ಪತ್ರೆ ಅಲ್ಲ, ಮನೆ.”

ಬಾಯೇ ಬಿದ್ದುಹೋದವರು ಏನು ಮಾಡಬೇಕು ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದವರಿಗೆಲ್ಲ ಕೆಲಸ ಬೇಕಿತ್ತು.

ಮನೆ ಎಂದಮೇಲೆ ಸಮವಸ್ತ್ರವೂ ಹೋಯಿತು. ಸಿಸ್ಟರ್ ಅನ್ನಬಾರದು, ಮೇಡಂ ಅನ್ನಬಾರದು. ಒಡತಿಯನ್ನು ಎಲ್ಲರೂ ಅತ್ತಿಗೆ ಅನ್ನಬೇಕು. ನರ್ಸುಗಳಲ್ಲಿ ಹಿರಿಯಳಾದವಳು ದೊಡ್ಡಕ್ಕ. ಐವತ್ತೆರಡರ ದೊಡ್ಡಕ್ಕ ಈ ಕೆಲಸದಲ್ಲಿ ಮೂವತ್ತಮೂರು ವರ್ಷ ಬೆನ್ನು ಸವೆಸಿದ್ದಳು. ಎಷ್ಟೋ ಹೆಸರಿಗೆ ಓಗೊಟ್ಟಿದ್ದಳು, ಇದೊಂದು ಹೆಚ್ಚಾಗಲಿ ಎಂದು ಸುಮ್ಮನಾದಳು. ಈ ನೆಂಟಸ್ತಿಕೆಯ ಒಳಮರ್ಮ ಅವಳಿಗೆ ಆಮೇಲೆ ತಿಳಿಯಿತು. ನೌಕರಳಾದರೆ ಪಾಳಿ ಮುಗಿಯುತ್ತದೆ, ಮನೆಯವಳಿಗೆ ಮುಗಿಯುವುದಿಲ್ಲ. ನೌಕರಳು ಇನ್ನೊಬ್ಬಳನ್ನು ಕೊಡಿ ಎಂದು ಕೇಳಬಹುದು, ಮನೆಯವಳು ಹಾಗೆ ಕೇಳಿದರೆ ಮೈಗಳ್ಳಿ. ಹಿಂದೆ ಹಗಲಿಗೆ ಐದು ಜನ ಇದ್ದ ಕಡೆ ಈಗ ಇಬ್ಬರು. ಹೋದ ಮೂವರ ಬದಲಿಗೆ ಮುಂದಿನ ಕೋಣೆಗೆ ಹೂವಿನ ಚಿತ್ರದ ಪರದೆ ಬಂದಿತ್ತು, ಮೆತ್ತನೆಯ ಸೋಫಾ ಬಂದಿತ್ತು.

ದೊಡ್ಡಕ್ಕನ ಜೊತೆಯವಳು ರೇಡಿಯೋ. ಬಾಯಿಗೆ ಬಿಡುವಿಲ್ಲದವಳಾದ್ದರಿಂದ ಆ ಹೆಸರು. ಗಂಡ ಬಿಟ್ಟುಹೋದ ಮೇಲೆ ಎರಡು ಮಕ್ಕಳನ್ನು ಕಟ್ಟಿಕೊಂಡು ಈ ಕೆಲಸಕ್ಕೆ ಬಂದಿದ್ದಳು. ಬೆಳಗಿನ ಏಳು ಗಂಟೆಗೆ ಇಬ್ಬರೂ ಅಡುಗೆಮನೆಯ ಕಟ್ಟೆಗೆ ಒರಗಿ ಚಹಾ ಕುಡಿಯುತ್ತಾ ಮಾಡುತ್ತಿದ್ದ ಮೊದಲ ಕೆಲಸವೆಂದರೆ ಹಾಳೆ ತುಂಬುವುದು.

ಹಾಳೆ ಎಂದರೆ ಮಗ್ಗುಲು ಹಾಳೆ. ತಾವಾಗಿ ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು; ಇಲ್ಲವಾದರೆ ಮೂಳೆ ಒತ್ತಿದ ಕಡೆ ಚರ್ಮ ಕೆಂಪಾಗಿ, ಕಪ್ಪಾಗಿ, ಕೊಳೆತು ಹುಣ್ಣಾಗುತ್ತದೆ. ಪ್ರತಿ ಮಂಚದ ಕಾಲ್ದೆಸೆಯಲ್ಲಿ ಒಂದೊಂದು ಹಾಳೆ ತೂಗುಹಾಕಿತ್ತು. ಏಳು, ಒಂಬತ್ತು, ಹನ್ನೊಂದು, ಒಂದು, ಮೂರು, ಐದು: ಹಗಲಿಗೆ ಆರು ಚೌಕ. ಎಡವೋ ಬಲವೋ ಬರೆದು ಸಹಿ ಹಾಕಬೇಕು. ಮನೆಯಲ್ಲಿ ಹಾಗೆ ಮಲಗಿದವರು ಆರು ಜನ. ಒಬ್ಬರನ್ನು ಸರಿಯಾಗಿ ತಿರುಗಿಸಲು ಇಬ್ಬರು ಬೇಕು, ಹತ್ತು ನಿಮಿಷ ಬೇಕು. ಆರಾರಲಿ ಮೂವತ್ತಾರು ಸಲ. ಬರೀ ಮಗ್ಗುಲಿಗೇ ಇಬ್ಬರ ಆರು ಗಂಟೆ ಹೋಯಿತು. ಸ್ನಾನ, ಊಟ, ಔಷಧಿ, ಮೂತ್ರದ ಚೀಲ, ಒದ್ದೆಯಾದ ಹಾಸುಬಟ್ಟೆ, ಬಚ್ಚಲಲ್ಲಿ ಜಾರಿದವರು, ಬಾಗಿಲು ತೆಗೆದು ಬೀದಿಗಿಳಿದವರು, ಇವರನ್ನೆಲ್ಲ ಯಾವ ಗಂಟೆಯಲ್ಲಿ ನೋಡುವುದು? ಶಾಲೆಗೆ ಹೋಗುವ ಮಗುವಿಗೂ ಬರುವ ಈ ಲೆಕ್ಕ ಅತ್ತಿಗೆಗೆ ಬರುತ್ತಿರಲಿಲ್ಲ. ಅವಳಿಗೆ ಬರುತ್ತಿದ್ದುದು ಒಂದೇ, ಚೌಕ ಖಾಲಿ ಬಿದ್ದಿದೆ ಎನ್ನುವುದು. ಖಾಲಿ ಬಿಟ್ಟವರು ಯಾಕೆ ಬಿಟ್ಟೆ ಎಂದು ಬರೆದುಕೊಡಬೇಕಿತ್ತು. ಹಾಗೆ ಮೂರು ಸಲ ಬರೆದುಕೊಟ್ಟವಳು ನಾಲ್ಕನೆಯ ಸಲ ಕಾಣಿಸಲಿಲ್ಲ.

ಅಂದಿನಿಂದ ಎಲ್ಲ ಪಾಳಿಯವರೂ ಬಂದ ಕೂಡಲೇ ತಮ್ಮ ಆರು ಚೌಕವನ್ನೂ ತುಂಬಿಬಿಡುತ್ತಿದ್ದರು.

“ಎಡ, ಬಲ, ಎಡ, ಬಲ,” ಎಂದು ರೇಡಿಯೋ ಬರೆಯುತ್ತಾ ಹೋಗುತ್ತಿದ್ದಳು. “ದೊಡ್ಡಕ್ಕ, ನಾವು ಪೊಲೀಸ್ ಕೆಲಸಕ್ಕೆ ಸೇರ್ಬೇಕಿತ್ತು. ಕವಾಯತು ಎಷ್ಟು ಚೆನ್ನಾಗಿ ಬರುತ್ತೆ ನೋಡು ನಮಗೆ.”

ದೊಡ್ಡಕ್ಕ ನಗುತ್ತಿದ್ದಳು. ನಕ್ಕು ತಾನೂ ಸಹಿ ಹಾಕುತ್ತಿದ್ದಳು. ನಾಲ್ಕನೆಯ ಕೋಣೆಯ ಹಾಳೆ ಬಂದಾಗ ಮಾತ್ರ ಅವಳ ಕೈ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿತ್ತು.

ನಾಲ್ಕನೆಯ ಕೋಣೆಯಲ್ಲಿ ಇದ್ದವರು ಮೇಟ್ರನಮ್ಮ.

ದೊಡ್ಡಕ್ಕ ಹತ್ತೊಂಬತ್ತರ ಹುಡುಗಿಯಾಗಿ ದೊಡ್ಡಾಸ್ಪತ್ರೆಯ ವಾರ್ಡಿಗೆ ಕಾಲಿಟ್ಟಾಗ ಅವಳ ಕೈ ಹಿಡಿದು ಕೆಲಸ ಕಲಿಸಿದವರು ಇದೇ ಮೇಟ್ರನಮ್ಮ. ಅವರ ಹೆಜ್ಜೆ ಸದ್ದಿಗೆ ಡಾಕ್ಟರುಗಳೂ ಸಿಗರೇಟು ಬಚ್ಚಿಡುತ್ತಿದ್ದರು. ಎಳೆಯಬೇಡ, ಎತ್ತು, ಎಳೆದರೆ ಚರ್ಮ ಸುಲಿಯುತ್ತೆ. ಮಂಡಿಗಳ ನಡುವೆ ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ. ಕೆಂಪು ಕಂಡರೆ ಹೆಬ್ಬೆರಳಲ್ಲಿ ಒತ್ತು. ಬೆಳ್ಳಗಾದರೆ ಇನ್ನೂ ಹೊತ್ತಿದೆ, ಬೆಳ್ಳಗಾಗದಿದ್ದರೆ ನೀನು ತಡ ಮಾಡಿದೆ. ಇದೆಲ್ಲ ಅವರ ಬಾಯಿಂದ ಬಂದದ್ದು. ಆದರೆ ಎಲ್ಲರೂ ನಡುಗುತ್ತಿದ್ದುದು ಅವರ ಇನ್ನೊಂದು ಪದ್ಧತಿಗೆ. ಬೆಳಿಗ್ಗೆ ಬಂದವರೇ ಮಗ್ಗುಲು ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಸಹಿಯ ಶಾಯಿ ಎಲ್ಲಾದರೂ ಕದಡಿದೆಯೇ ಎಂದು.

“ಕೆಲಸ ಮಾಡಿದವಳು ಕೈ ತೊಳೀತಾಳೆ. ತೊಳೆದ ಕೈಲಿ ಸಹಿ ಹಾಕಿದ್ರೆ ಶಾಯಿ ಒಂಚೂರಾದ್ರೂ ಕದಡುತ್ತೆ. ಇದೇನೇ ಇದು, ಹನ್ನೆರಡು ಸಹಿ, ಹನ್ನೆರಡೂ ಮದುವೆ ಪತ್ರಿಕೆ ಇದ್ದ ಹಾಗಿವೆ? ಒಣಗೈಯವಳು ನೀನು. ಹೋಗು, ಬಟ್ಟೆ ಬದಲಾಯಿಸ್ಕೊಂಡು ಮನೆಗೆ ಹೋಗು.”

ಒಣಗೈಯವಳು. ಆ ವಾರ್ಡಿನಲ್ಲಿ ಅದಕ್ಕಿಂತ ಕೆಟ್ಟ ಬೈಗುಳ ಇರಲಿಲ್ಲ.

ಈಗ ಅದೇ ಮೇಟ್ರನಮ್ಮನಿಗೆ ಎಂಬತ್ತೊಂದು. ಪಾರ್ಶ್ವವಾಯು ಬಡಿದು ಬಲಭಾಗ ಪೂರ್ತಿ ಹೋಗಿತ್ತು, ಮಾತು ಹೋಗಿತ್ತು. ಉಳಿದದ್ದು ಎಡಗೈ, ಎರಡು ಕಣ್ಣು, ಮತ್ತು ಬುದ್ಧಿ. ಬುದ್ಧಿ ಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು. ಗೋಡೆ ಗಡಿಯಾರದಲ್ಲಿ ಒಂಬತ್ತಾದ ಕೂಡಲೇ ಅವರು ಎಡಗೈಯಲ್ಲಿ ಚಮಚ ಹಿಡಿದು ಮಂಚದ ಕಂಬಿಗೆ ಎರಡು ಸಲ ಬಡಿಯುತ್ತಿದ್ದರು. ಟಣ್, ಟಣ್. ಹನ್ನೊಂದಕ್ಕೆ ಮತ್ತೆ. ಒಂದಕ್ಕೆ ಮತ್ತೆ. ದೊಡ್ಡಕ್ಕ ಪಕ್ಕದ ಕೋಣೆಯಲ್ಲಿ ಯಾರದೋ ಬಾಯಿಗೆ ಹತ್ತಿ ಸವರುತ್ತಾ, ಯಾರದೋ ಮಲ ಬಾಚುತ್ತಾ ಆ ಸದ್ದು ಕೇಳುತ್ತಿದ್ದಳು. “ಬಂದೆ ಅಮ್ಮಾ,” ಎನ್ನುತ್ತಿದ್ದಳು. ದಿನಕ್ಕೆ ಆರು ಸಲ ಬಂದೆ ಎನ್ನುತ್ತಿದ್ದಳು, ಎರಡು ಸಲ ಹೋಗುತ್ತಿದ್ದಳು.

ಹೋದಾಗ ಮೇಟ್ರನಮ್ಮ ಅವಳ ಮುಖ ನೋಡುತ್ತಿರಲಿಲ್ಲ. ಕಾಲ್ದೆಸೆಯ ಹಾಳೆ ನೋಡುತ್ತಿದ್ದರು. ಅದರಲ್ಲಿ ಐದು ಗಂಟೆಯ ಚೌಕವೂ ಬೆಳಿಗ್ಗೆಯೇ ತುಂಬಿರುತ್ತಿತ್ತು.

ಆ ಚಮಚವೂ ಒಂದು ದಿನ ಹೋಯಿತು. ಸೋಫಾದಲ್ಲಿ ಕೂತ ನೆಂಟರೊಬ್ಬರು ಏನದು ಸದ್ದು ಎಂದರಂತೆ. ಅತ್ತಿಗೆ ರಬ್ಬರಿನ ಚಮಚ ತರಿಸಿದಳು. ಹುಣ್ಣಾಗದಿರಲೆಂದು ಅವರಿಗೆ ಹಾಸಿದ್ದ ಗಾಳಿಹಾಸಿಗೆಯ ಮೋಟರಿಗೂ ಅದೇ ಗತಿಯಾಗಿತ್ತು. ಅದರ ಗುಂಯ್‌ಗುಟ್ಟುವಿಕೆ ಆಸ್ಪತ್ರೆಯನ್ನು ನೆನಪಿಸುತ್ತದೆ ಎಂದು ಹಗಲು ಹೊತ್ತು ಅದನ್ನು ಆರಿಸಿಡುತ್ತಿದ್ದರು. ಗಾಳಿಯಿಲ್ಲದ ಗಾಳಿಹಾಸಿಗೆಯ ಮೇಲೆ, ಸದ್ದಿಲ್ಲದ ಚಮಚ ಹಿಡಿದು ಮೇಟ್ರನಮ್ಮ ಮಲಗಿದರು.

ಪ್ರತಿ ಮಂಗಳವಾರ ಅವರ ತಂಗಿ ಬರುತ್ತಿದ್ದರು. ಅವರಿಗೂ ಎಪ್ಪತ್ತಾರು, ಮಂಡಿ ನೋವು, ಒಂಟಿ ಜೀವ. ಕುರ್ಚಿ ಎಳೆದುಕೊಂಡು ಕನ್ನಡಕ ಏರಿಸಿ ಮೊದಲು ಹಾಳೆ ಓದುತ್ತಿದ್ದರು.

“ನೋಡಕ್ಕಾ, ಒಂದು ಹೊತ್ತೂ ತಪ್ಪಿಸಿಲ್ಲ. ನನ್ನ ಮನೇಲಿ ಇಟ್ಕೊಂಡಿದ್ರೆ ನಾನು ಇಷ್ಟು ಮಾಡೋಕಾಗ್ತಿತ್ತಾ? ನನ್ನೇ ಯಾರಾದ್ರೂ ತಿರುಗಿಸ್ಬೇಕು.” ಹೀಗೆ ಹೇಳಿ ತಾವೇ ನಗುತ್ತಿದ್ದರು.

ಒಂದು ಮಂಗಳವಾರ ಮೇಟ್ರನಮ್ಮ ರಬ್ಬರ್ ಚಮಚದಿಂದ ಕಂಬಿಗೆ ಹೊಡೆದರು. ಹೊಡೆದರು, ಹೊಡೆದರು. ಸದ್ದೇ ಇಲ್ಲ.

“ಇವಳು ಚಿಕ್ಕೋಳಿದ್ದಾಗಿಂದ ಹೀಗೇ. ಹಟ,” ಎಂದರು ತಂಗಿ, ದೊಡ್ಡಕ್ಕನ ಕಡೆ ತಿರುಗಿ. “ನೀನಿದೀಯಲ್ಲ ತಾಯಿ, ನನಗದೇ ಧೈರ್ಯ. ಅವಳೇ ಕಲಿಸಿದ ಕೈ ನಿಂದು.”

ದೊಡ್ಡಕ್ಕ ಬಕೆಟ್ ಎತ್ತಿಕೊಂಡು ಹೊರಗೆ ಬಂದಳು.

ಮರುದಿನ ಮೈ ಒರೆಸುವಾಗ ಅವಳಿಗೆ ವಾಸನೆ ಬಡಿಯಿತು. ಮೂವತ್ತಮೂರು ವರ್ಷದ ಮೂಗು ಅದು, ಸುಳ್ಳು ಹೇಳುವುದಿಲ್ಲ. ರೇಡಿಯೋ ಭುಜ ಹಿಡಿದುಕೊಂಡಳು, ದೊಡ್ಡಕ್ಕ ಹಾಸುಬಟ್ಟೆ ಸರಿಸಿದಳು. ಬೆನ್ನಿನ ಬುಡದಲ್ಲಿ, ಬೆನ್ನೆಲುಬಿನ ಕೊನೆಯ ಮೂಳೆಯ ಮೇಲೆ, ಅಂಗೈ ಅಗಲದ ಕಪ್ಪು. ಅಂಚು ಮೆತ್ತಗಾಗಿ ಒಳಗೆ ಕುಸಿದಿತ್ತು. ಹೆಬ್ಬೆರಳಲ್ಲಿ ಒತ್ತಿ ನೋಡುವ ಕಾಲ ಎಂದೋ ಕಳೆದಿತ್ತು.

ರೇಡಿಯೋ ಪಿಸುಗುಟ್ಟಿದಳು. “ಮುಚ್ಚು, ದೊಡ್ಡಕ್ಕ. ಔಷಧಿ ಹಚ್ಚಿ ಮುಚ್ಚು. ಶುಕ್ರವಾರ ತಪಾಸಣೆ ಇದೆ.”

“ಮುಚ್ಚಿ?”

“ಮುಚ್ಚಿ ಏನು ಅಂದ್ರೆ? ಮುಚ್ಚಿ ಬದುಕ್ಬೇಕು. ನನಗೆರಡು ಹೊಟ್ಟೆ ಕಾಯ್ತಿವೆ.”

ಮೇಟ್ರನಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಇಬ್ಬರ ಮಾತೂ ಅವರಿಗೆ ಕೇಳಿಸಿತ್ತು.

ದೊಡ್ಡಕ್ಕ ಹುಣ್ಣು ತೊಳೆದು ಪಟ್ಟಿ ಕಟ್ಟಿ, ನೇರ ಅತ್ತಿಗೆಯ ಕೋಣೆಗೆ ಹೋದಳು. ಅತ್ತಿಗೆ ಒಳ್ಳೆಯ ಮಾತಿನವಳು. ಕುರ್ಚಿ ಕೊಟ್ಟು ಕೂರಿಸಿದಳು.

“ಇನ್ನು ಇಬ್ಬರು ಬೇಕು ಅತ್ತಿಗೆ. ಕಡೇ ಪಕ್ಷ ಒಬ್ಬಳು. ಹೇಳಿದಷ್ಟು ಸಲ ತಿರುಗಿಸೋಕೆ ಆಗ್ತಾ ಇಲ್ಲ.”

“ಆಗ್ತಾ ಇದೆಯಲ್ಲ?” ಅತ್ತಿಗೆ ಕಪಾಟಿನಿಂದ ಕಟ್ಟು ತೆಗೆದು ಮೇಜಿನ ಮೇಲೆ ಹರಡಿದಳು. ಎರಡು ವರ್ಷದ ಮಗ್ಗುಲು ಹಾಳೆಗಳು. “ಒಂದು ಚೌಕ ಖಾಲಿ ತೋರಿಸು. ಇಬ್ಬರೇ ಹೇಗೆ ನಿಭಾಯಿಸ್ತಾರೆ ಅಂತ ನಾನೇ ಎಲ್ಲರ ಹತ್ರ ಹೊಗಳ್ಕೊಂಡು ಬರ್ತೀನಿ. ಈಗ ನೀನು ಬಂದು ಆಗಲ್ಲ ಅಂದ್ರೆ, ಇದೆಲ್ಲ ಏನಮ್ಮಾ ಹಾಗಾದ್ರೆ?”

ದೊಡ್ಡಕ್ಕ ಹಾಳೆಗಳನ್ನೇ ನೋಡಿದಳು. ಸಾವಿರಾರು ಸಹಿಗಳು, ಒಂದಾದರೂ ಕದಡಿರಲಿಲ್ಲ. ಆಗ ಅವಳಿಗೆ ಹೊಳೆಯಿತು. ತಾವು ಹೆದರಿ ಹಾಕಿದ ಒಂದೊಂದು ಸಹಿಯೂ ಇಬ್ಬರು ಸಾಕು ಎಂದು ಸಾಕ್ಷಿ ನುಡಿದಿತ್ತು. ಐದು ಜನರ ಕೆಲಸವನ್ನು ಇಬ್ಬರು ಮಾಡುತ್ತಾರೆಂದು ಪ್ರತಿ ಬೆಳಿಗ್ಗೆ ಚಹಾ ಕುಡಿಯುತ್ತಾ ಬರೆದುಕೊಟ್ಟವರು ತಾವೇ. ಹಗ್ಗ ಅವಳದು, ಹೊಸೆದವರು ನಾವು ಎಂದುಕೊಂಡಳು ದೊಡ್ಡಕ್ಕ.

“ಸುಳ್ಳು ಬರೆದಿದೀವಿ.”

“ನಾನು ಕೇಳಿಸ್ಕೊಳ್ಳಲಿಲ್ಲ,” ಎಂದಳು ಅತ್ತಿಗೆ ಮೆಲ್ಲಗೆ. “ಮನೆ ಅಂದ್ಮೇಲೆ ಎಷ್ಟೋ ಮಾತು ಬರುತ್ತೆ. ಹೋಗು, ಮುಖ ತೊಳ್ಕೊ.”

ಶುಕ್ರವಾರ ಸರ್ಕಾರದ ತಪಾಸಣೆಯವನು ಬಂದ. ಸಾಧು ಮನುಷ್ಯ, ಬೆವರುತ್ತಿದ್ದ. ಅಂದು ಅವನಿಗೆ ಇಂಥವೇ ನಾಲ್ಕು ಮನೆಗಳಿದ್ದವು. ಸೋಫಾದಲ್ಲಿ ಕೂತು ಚಹಾ ತೆಗೆದುಕೊಂಡು, ಚೀಲದಿಂದ ಫಾರಂ ತೆಗೆದ. ಕೋಣೆಗಳನ್ನು ನೋಡುವ ಮೊದಲೇ ಒಂದೊಂದಾಗಿ ಗುರುತು ಹಾಕತೊಡಗಿದ. ಗಾಳಿ ಬೆಳಕು, ಸರಿ. ಪರದೆ, ಸರಿ. ಮನೆಯ ವಾತಾವರಣ, ಅತ್ಯುತ್ತಮ. ಬಾಗಿಲ ಬಳಿ ನಿಂತ ದೊಡ್ಡಕ್ಕ ಅವನ ಕೈ ನೋಡಿದಳು. ಮೈಯೆಲ್ಲ ಬೆವರಿದ್ದರೂ ಒಣಗೈ. ಇವನೂ ನಮ್ಮವನೇ ಎಂದುಕೊಂಡಳು.

“ಸಾರ್, ನಾಲ್ಕನೇ ಕೋಣೆಗೆ ಬನ್ನಿ.”

ರೇಡಿಯೋ ಹಿಂದಿನಿಂದ ಅವಳ ಸೆರಗು ಹಿಡಿದು ಎಳೆದಳು. ದೊಡ್ಡಕ್ಕ ಬಿಡಿಸಿಕೊಂಡಳು.

ಅವಳು ಪಟ್ಟಿ ಬಿಚ್ಚಿದಾಗ ತಪಾಸಣೆಯವನ ಮುಖ ಬಿಳಚಿಕೊಂಡಿತು. ಕರವಸ್ತ್ರ ಮೂಗಿಗೆ ಹೋಯಿತು. ಕಾಲ್ದೆಸೆಯ ಹಾಳೆ ನೋಡಿದ. ಮತ್ತೆ ಹುಣ್ಣು ನೋಡಿದ.

“ಇದರಲ್ಲಿ ಎಲ್ಲ ಹೊತ್ತೂ ತಿರುಗಿಸಿದ್ದಾರೆ ಅಂತಿದೆ?”

“ತಿರುಗಿಸಿಲ್ಲ. ಬೆಳಿಗ್ಗೇನೇ ಬರೆದಿಡ್ತೀವಿ. ಇಬ್ಬರಿಗೆ ಸಾಧ್ಯವೇ ಇಲ್ಲ ಸಾರ್, ಬೇಕಾದ್ರೆ ನೀವೇ ಒಂದು ದಿನ ಕೂತು ನೋಡಿ. ಕರೆಯೋಕೆ ಗಂಟೆ ಇಲ್ಲ. ಹಾಸಿಗೆ ಮೋಟರು ಹಗಲು ಆರಿಸ್ತಾರೆ. ಅದನ್ನೂ ಬರ್ಕೊಳ್ಳಿ.”

ಅವನು ಫಾರಂ ಹಿಂದೆ ಮುಂದೆ ತಿರುವಿದ. ಎಷ್ಟು ಕೈಗಳಿವೆ ಎಂಬುದಕ್ಕೆ ಅದರಲ್ಲಿ ಕಾಲಂ ಇರಲಿಲ್ಲ. ಸಿಬ್ಬಂದಿಯಿಂದ ಸುಳ್ಳು ದಾಖಲೆ ಎಂಬುದಕ್ಕೆ ಇತ್ತು.

“ಈ ಸಹಿ ಯಾರದು?” ಎಂದು ಕೇಳಿದ.

“ನನ್ನದು.”

“ಇನ್ನೊಂದು?”

ಅಷ್ಟು ದೂರ ದೊಡ್ಡಕ್ಕ ಯೋಚಿಸಿರಲಿಲ್ಲ. ಹುಣ್ಣು ತೋರಿಸಿದರೆ ಸಾಕು, ನೋಡಿದವರ ಕಣ್ಣು ತೆರೆಯುತ್ತದೆ ಎಂದುಕೊಂಡಿದ್ದಳು, ಅಷ್ಟೇ. ಅವನು ಕಾಯಲಿಲ್ಲ. ಬಾಗಿಲಲ್ಲಿ ನಿಂತ ರೇಡಿಯೋಳನ್ನು ಒಮ್ಮೆ ನೋಡಿ, ಬರೆದುಕೊಂಡ.

ಹತ್ತನೆಯ ದಿನ ಆದೇಶ ಬಂತು. ಸುಳ್ಳು ದಾಖಲೆ ಸೃಷ್ಟಿಸಿ, ಹಿರಿಯರೊಬ್ಬರ ಪ್ರಾಣಕ್ಕೆ ಕುತ್ತು ತಂದ ಇಬ್ಬರು ಸಿಬ್ಬಂದಿಯನ್ನು ತಕ್ಷಣ ತೆಗೆಯತಕ್ಕದ್ದು; ಹಿರಿಯ ನರ್ಸಿನ ನೋಂದಣಿಯ ವಿಚಾರಣೆ ನಡೆಯತಕ್ಕದ್ದು. ಮನೆಯ ಆಡಳಿತವು ತಪಾಸಣೆಗೆ ಪೂರ್ಣ ಸಹಕಾರ ನೀಡಿದೆ. ಇನ್ನು ಮುಂದೆ ಮಗ್ಗುಲು ಬದಲಾವಣೆ ಎರಡು ಗಂಟೆಗೊಮ್ಮೆ ಸಾಲದು, ಗಂಟೆಗೊಮ್ಮೆ ಆಗತಕ್ಕದ್ದು; ದಾಖಲೆ ಕಟ್ಟುನಿಟ್ಟಾಗಿರತಕ್ಕದ್ದು. ಜನ ಎಷ್ಟಿರಬೇಕು ಎಂಬ ಮಾತು ಎಲ್ಲೂ ಇರಲಿಲ್ಲ. ತೆಗೆದ ಇಬ್ಬರ ಜಾಗಕ್ಕೆ ಇಬ್ಬರು ಬಂದರು.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತಿದ್ದರು.

“ನನ್ನನ್ನ ಒಂದು ಮಾತು ಕೇಳಬೇಕಿತ್ತು ನೀನು,” ಎಂದಳು ರೇಡಿಯೋ.

“ಕೇಳಿದ್ರೆ ಬೇಡ ಅಂತಿದ್ದೆ.”

“ಹೌದು, ಅಂತಿದ್ದೆ. ಅದನ್ನ ಹೇಳೋ ಹಕ್ಕೂ ನನಗಿರ್ಲಿಲ್ವಾ? ನಿನ್ನ ಎದೆ ಭಾರ ಇಳಿಸ್ಕೊಂಡೆ ದೊಡ್ಡಕ್ಕ. ಇಳಿಸಿ ನನ್ನ ಮಕ್ಕಳ ತಲೆ ಮೇಲಿಟ್ಟೆ.” ಅವಳು ದನಿ ಏರಿಸಲಿಲ್ಲ. “ಹೋಗ್ಲಿ, ಅವರಿಗೇನಾದ್ರೂ ಒಳ್ಳೇದಾಯ್ತಾ? ಒಂದು ಹೊಸ ಕೈ ಬಂತಾ? ಹೇಳು.”

ಬಸ್ಸು ಬಂತು. ರೇಡಿಯೋ ಹತ್ತಿ ಹಿಂತಿರುಗಿ ನೋಡದೆ ಒಳಗೆ ಹೋದಳು.

ಮರುವಾರ ದೊಡ್ಡಕ್ಕ ತನ್ನ ಚಪ್ಪಲಿ, ಚೀಲ, ನೀರಿನ ಬಾಟಲಿ ತೆಗೆದುಕೊಂಡು ಬರಲು ಆ ಮನೆಗೆ ಹೋದಳು. ಹಗಲು ಹನ್ನೊಂದು ಗಂಟೆ. ಸೋಫಾದ ಮೇಲೆ ಹೊಸ ದಿಂಬುಗಳಿದ್ದವು. ಅತ್ತಿಗೆ ಮುಖ ಗಂಟಿಕ್ಕಲಿಲ್ಲ. ಮೇಟ್ರನಮ್ಮನ ಕೋಣೆಯ ಕಡೆ ಕೈ ತೋರಿದಳು. “ಹೇಳಿ ಹೋಗು. ಎಷ್ಟಾದ್ರೂ ಮನೆಯವಳು ನೀನು.”

ಮೇಟ್ರನಮ್ಮ ಬೆನ್ನ ಮೇಲೆಯೇ ಮಲಗಿದ್ದರು, ಹುಣ್ಣಿನ ಮೇಲೆಯೇ. ಮೈ ಇನ್ನಷ್ಟು ಇಳಿದಿತ್ತು. ಪಟ್ಟಿ ಒದ್ದೆಯಾಗಿತ್ತು, ಕೋಣೆ ಪೂರ್ತಿ ವಾಸನೆ. ಪಕ್ಕದ ಕೋಣೆಯಿಂದ ಹೊಸಬಳ ದನಿ ಕೇಳಿತು. “ಬಂದೆ ಅಜ್ಜೀ, ಬಂದೆ.”

ದೊಡ್ಡಕ್ಕ ಚೀಲ ನೆಲಕ್ಕಿಟ್ಟಳು. ಒಬ್ಬಳೇ ತಿರುಗಿಸಬಾರದು ಎಂದು ಕಲಿಸಿದವರೇ, ಒಬ್ಬಳೇ ಆಗಿಬಿಟ್ಟರೆ ಹೇಗೆಂದೂ ಕಲಿಸಿದ್ದರು. ಅವಳು ಮಂಡಿಯನ್ನು ಮಂಚಕ್ಕೆ ಒತ್ತಿ, ಹಾಸುಬಟ್ಟೆಯನ್ನು ಎರಡೂ ಮುಷ್ಟಿಯಲ್ಲಿ ಸುತ್ತಿಕೊಂಡು, ಎಳೆಯದೆ ಎತ್ತಿದಳು. ಮೇಟ್ರನಮ್ಮ ಉಸಿರು ಬಿಗಿಹಿಡಿದರು. ಎಡಮಗ್ಗುಲು. ಬೆನ್ನಿಗೆ ದಿಂಬು, ಮಂಡಿಗಳ ನಡುವೆ ದಿಂಬು, ಹಿಮ್ಮಡಿಯ ಕೆಳಗೆ ಸುತ್ತಿದ ಬಟ್ಟೆ. ಹುಣ್ಣು ತೊಳೆದು ಹೊಸ ಪಟ್ಟಿ ಹಾಕಿದಳು. ಅವಳ ಬೆನ್ನು ಕಿತ್ತು ಬರುವಂತೆ ನೋಯುತ್ತಿತ್ತು. ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಮೊಣಕೈವರೆಗೂ ಕೈ ತೊಳೆದಳು. ಒರೆಸಿಕೊಳ್ಳಲಿಲ್ಲ.

ಒದ್ದೆ ಕೈಯಲ್ಲೇ ಬಂದು ಕಾಲ್ದೆಸೆಯ ಹಾಳೆಗೆ ಪೆನ್ನು ತೆಗೆದಳು. ಕೆಲಸ ಹೋಗಿದೆ, ಬರೆಯುವ ಅಧಿಕಾರವಿಲ್ಲ ಎಂಬುದು ಆ ಗಳಿಗೆಯಲ್ಲಿ ಅವಳಿಗೆ ನೆನಪೇ ಆಗಲಿಲ್ಲ. ಹೊಸ ಹಾಳೆ, ಹಗಲಿಗೆ ಹನ್ನೆರಡು ಚೌಕ. ಏಳು, ಎಂಟು, ಒಂಬತ್ತು, ಹತ್ತು, ಹನ್ನೊಂದು. ಎಡ, ಬಲ, ಎಡ, ಬಲ, ಎಡ. ಸಂಜೆ ಆರರವರೆಗೂ ತುಂಬಿತ್ತು. ದುಂಡನೆಯ ಅಕ್ಷರ, ಒಣಗಿದ ಶಾಯಿ. ಎರಡು ವರ್ಷದಲ್ಲಿ ಅವಳು ಅರೆಬರೆ ಮಾಡದೆ ಸರಿಯಾಗಿ ಮಾಡಿದ ಒಂದೇ ಒಂದು ಮಗ್ಗುಲನ್ನು ಬರೆಯಲು ಆ ಹಾಳೆಯಲ್ಲಿ ಒಂದು ಖಾಲಿ ಚೌಕವೂ ಉಳಿದಿರಲಿಲ್ಲ.

ಅವಳ ಬೆರಳಿನಿಂದ ಒಂದು ಹನಿ ಹನ್ನೊಂದರ ಚೌಕದ ಮೇಲೆ ಬಿತ್ತು. ಯಾರದೋ ಸಹಿ ಕದಡಿ ನೀಲಿಯಾಗಿ ಹರಡಿತು. ಬೆಳಕಿಗೆ ಹಿಡಿದು ನೋಡಿದರೆ ಈಗ ಅದು ನಿಜದ ಸಹಿಯಂತೆಯೇ ಕಾಣುತ್ತಿತ್ತು.

ಮೇಟ್ರನಮ್ಮ ಅದನ್ನು ನೋಡುತ್ತಿದ್ದರು. ಹಾಳೆಯಿಂದ ಅವರ ಕಣ್ಣು ದೊಡ್ಡಕ್ಕನ ಒದ್ದೆ ಕೈಗೆ ಬಂತು. ಅಲ್ಲೇ ತುಸು ಹೊತ್ತು ನಿಂತಿತು. ಆಮೇಲೆ ಅಲ್ಲಿಂದ ಗೋಡೆ ಗಡಿಯಾರಕ್ಕೆ ಹೋಯಿತು. ಹನ್ನೊಂದೂಕಾಲು.

“ಹೋಗಿ ಬರ್ತೀನಮ್ಮಾ,” ಎಂದಳು ದೊಡ್ಡಕ್ಕ. ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅವಳು ಬಾಗಿಲು ದಾಟುವಾಗ ಮೇಟ್ರನಮ್ಮ ರಬ್ಬರ್ ಚಮಚ ಹಿಡಿದು ಕಾಯುತ್ತಿದ್ದರು, ಮುಳ್ಳು ಹನ್ನೆರಡಕ್ಕೆ ಬರಲೆಂದು.